ಹದಿನೈದು ನಿಮಿಷಕ್ಕೊಂದು ಅಂಕಿ: ಬಿಗ್ ಡೇಟಾ ಕೈಗೆ ಬಂದಾಗ ಸಂಸ್ಥೆಯ ಮುಖ್ಯಸ್ಥರು ಮಾಡಬೇಕಾದ್ದು

ಒಂದು ವಿದ್ಯುತ್ ಸರಬರಾಜು ಕಂಪನಿ 1 ಲಕ್ಷ ಮನೆಗಳಿಗೆ ಸ್ಮಾರ್ಟ್ ಮೀಟರ್ ಹಾಕಿದೆ ಎಂದುಕೊಳ್ಳಿ. ಪ್ರತಿ ಮೀಟರ್ 15 ನಿಮಿಷಕ್ಕೊಮ್ಮೆ ಒಂದು ಸಾಲು ಕಳಿಸಿದರೆ ದಿನಕ್ಕೆ 96 ಸಾಲು. ಒಟ್ಟು ದಿನಕ್ಕೆ 96 ಲಕ್ಷ, ವರ್ಷಕ್ಕೆ 350 ಕೋಟಿ ಸಾಲು. ಹಿಂದೆ ಇದೇ ಮನೆಗಳಿಂದ ಬರುತ್ತಿದ್ದದ್ದು ತಿಂಗಳಿಗೊಂದು ರೀಡಿಂಗ್, ಅಂದರೆ ವರ್ಷಕ್ಕೆ 12 ಲಕ್ಷ ಸಾಲು ಮಾತ್ರ. ವಿಶ್ಲೇಷಕ ಡಗ್ ಲೇನಿ 2001ರಲ್ಲಿ ಹೆಸರಿಸಿದ, ಆಮೇಲೆ ಬಿಗ್ ಡೇಟಾದ ಲಕ್ಷಣವೆಂದೇ ಹೆಸರಾದ ಗಾತ್ರ, ವೇಗ, ವೈವಿಧ್ಯ ಎಂಬ ಮೂರು ಗುಣಗಳು ಕಂಪನಿಯ ಬಾಗಿಲಿಗೆ ಬರುವುದು ಹೀಗೆಯೇ.

ಇಲ್ಲಿನ ಉದಾಹರಣೆಗಳೆಲ್ಲ ವಿದ್ಯುತ್ ಸರಬರಾಜಿನವು. ಬಸ್ ಸಾರಿಗೆ, ಹಾಲು ಒಕ್ಕೂಟ, ಆಸ್ಪತ್ರೆ ನಡೆಸುವವರಿಗೂ ಕೆಲಸದ ಕ್ರಮ ಇದೇ. ಮುಖ್ಯಸ್ಥರು ಒಂದು ಮಾತನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ಅಂಕಿ ಸರ್ವರ್‌ನಲ್ಲಿರುತ್ತದೆ, ಅದರ ಅರ್ಥ ಮಾತ್ರ ಕಂಬ ಹತ್ತುವವರ, ಸೆಕ್ಷನ್ ಆಫೀಸಿನಲ್ಲಿ ಕೂರುವವರ ತಲೆಯಲ್ಲಿರುತ್ತದೆ. ಎರಡನ್ನೂ ಒಂದೇ ಕಡೆ ತರುವ ಜವಾಬ್ದಾರಿಯನ್ನು ಐಟಿ ವಿಭಾಗಕ್ಕೆ ವಹಿಸಿ ಕೈತೊಳೆದುಕೊಳ್ಳಲು ಬರುವುದಿಲ್ಲ.

ಯಂತ್ರ ಕೊಳ್ಳುವ ಮುಂಚೆ ಗುಣಾಕಾರ

ಒಂದು ಸಾಲಿಗೆ 100 ಬೈಟ್ ಎಂದು ಇಟ್ಟುಕೊಳ್ಳಿ. 96 ಲಕ್ಷ ಸಾಲು ಎಂದರೆ ದಿನಕ್ಕೆ ಸುಮಾರು 1 ಜಿಬಿ, ವರ್ಷಕ್ಕೆ 350 ಜಿಬಿ. ಅದು ಒಂದು ಸಾಧಾರಣ ಹಾರ್ಡ್‌ಡಿಸ್ಕ್‌ನಲ್ಲಿ ಹಿಡಿಯುತ್ತದೆ. ಕಾಲಂವಾರು ಒತ್ತಿಡುವ ಪಾರ್ಕೆಯಂಥ ಫೈಲ್ ಮಾದರಿಯಲ್ಲಿಟ್ಟರೆ ಇನ್ನೂ ಕುಗ್ಗುತ್ತದೆ. 10 ಲಕ್ಷ ಮೀಟರ್ ಆದರೂ ವರ್ಷಕ್ಕೆ ಮೂರೂವರೆ ಟಿಬಿ. ಹತ್ತಾರು ಸರ್ವರ್‌ಗಳ ಕ್ಲಸ್ಟರ್ ಬೇಕೇಬೇಕು ಎಂದು ಯಾರಾದರೂ ಹೇಳಿದರೆ ಈ ಗುಣಾಕಾರವನ್ನು ಮುಂದಿಟ್ಟು, ಯಾವ ಪ್ರಶ್ನೆಗೆ ಎಷ್ಟು ಸೆಕೆಂಡಿನಲ್ಲಿ ಉತ್ತರ ಬೇಕು ಎಂದು ಕೇಳಿ. ಮೊದಲ ವರ್ಷಕ್ಕೆ ಬಹುಪಾಲು ಮಧ್ಯಮ ಗಾತ್ರದ ಸಂಸ್ಥೆಗಳಿಗೆ ಒಂದು ಒಳ್ಳೆಯ ಡೇಟಾಬೇಸ್ ಮತ್ತು ಅದಕ್ಕೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್ ಚೆನ್ನಾಗಿ ಬಲ್ಲ ಇಬ್ಬರು ಸಾಕು.

ಇಷ್ಟಾದರೂ ಎಕ್ಸೆಲ್‌ನಲ್ಲಿ ಇದನ್ನು ನಡೆಸಲಾಗದು. ಒಂದು ಶೀಟ್‌ಗೆ ಹಿಡಿಸುವುದು 10,48,576 ಸಾಲು, ಅಂದರೆ ಒಂದು ದಿನದ ಲೆಕ್ಕಕ್ಕೇ ಹತ್ತು ಶೀಟ್ ಬೇಕು. ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯಲ್ಲಂತೂ 65,536 ಸಾಲಿಗೇ ಮುಗಿಯಿತು. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವೆ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆಯಲ್ಲಿ 15,841 ಕೋವಿಡ್ ಪ್ರಕರಣಗಳು ವರದಿಯಿಂದ ಬಿಟ್ಟುಹೋದದ್ದು ಈ ಮಿತಿಯಿಂದಲೇ. ಫೈಲ್ ತುಂಬಿತ್ತು, ಉಳಿದ ಸಾಲುಗಳು ಸದ್ದಿಲ್ಲದೆ ಬಿದ್ದುಹೋಗಿದ್ದವು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದು ಅಷ್ಟು ದಿನ ತಡವಾಯಿತು. ಇದಕ್ಕೆ ಮದ್ದು ಸಣ್ಣದು. ಕಳಿಸಿದ ಕಡೆ ಎಷ್ಟು ಸಾಲಿತ್ತು, ಸೇರಿದ ಕಡೆ ಎಷ್ಟು ಬಂತು ಎಂದು ಪ್ರತಿ ರಾತ್ರಿ ತಾಳೆ ನೋಡಿ, ವ್ಯತ್ಯಾಸ ಬಂದರೆ ಬೆಳಿಗ್ಗೆ ಒಬ್ಬ ಹೆಸರಿರುವ ವ್ಯಕ್ತಿಗೆ ಎಸ್‌ಎಂಎಸ್ ಹೋಗುವ ಹಾಗೆ ಮಾಡಿ.

ತೀರ್ಮಾನ ಮೊದಲು, ಡ್ಯಾಶ್‌ಬೋರ್ಡ್ ಆಮೇಲೆ

ಅರ್ಧ ಪುಟದ ಕಾಗದದಲ್ಲಿ ನಾಲ್ಕು ಸಾಲು ಬರೆಯಿರಿ: ಯಾವ ತೀರ್ಮಾನ, ಯಾರು ತೆಗೆದುಕೊಳ್ಳುತ್ತಾರೆ, ಯಾವ ದಿನಾಂಕದೊಳಗೆ, ಯಾವ ಅಂಕಿ ಎಷ್ಟು ದಾಟಿದರೆ ಏನು ಬದಲಾಗುತ್ತದೆ. ಕೊನೆಯ ಸಾಲು ಬರೆಯಲು ಆಗದಿದ್ದರೆ ಆ ವಿಶ್ಲೇಷಣೆಗೆ ಹಣ ಕೊಡಬೇಡಿ.

ಉದಾಹರಣೆಗೆ: ‘ಬೇಸಿಗೆಯ ಬೇಡಿಕೆ ಏರುವ ಮುಂಚೆ ಯಾವ 200 ಟಿಸಿಗಳ (ಬೀದಿಯ ಟ್ರಾನ್ಸ್‌ಫಾರ್ಮರ್‌ಗಳ) ಸಾಮರ್ಥ್ಯ ಹೆಚ್ಚಿಸಬೇಕು? ತೀರ್ಮಾನ ಕಾರ್ಯಪಾಲಕ ಎಂಜಿನಿಯರ್‌ರದು. ಡಿಸೆಂಬರ್ 15ರೊಳಗೆ. 30 ದಿನಗಳ 2,880 ಬ್ಲಾಕ್‌ಗಳಲ್ಲಿ 60ಕ್ಕಿಂತ ಹೆಚ್ಚು ಬ್ಲಾಕ್ ಶೇ 80ರ ಲೋಡ್ ಮೀರಿದ ಟಿಸಿ ಸ್ಥಳ ಪರಿಶೀಲನೆಯ ಪಟ್ಟಿಗೆ ಬರುತ್ತದೆ.’ 15 ನಿಮಿಷಕ್ಕೊಂದು ಬ್ಲಾಕ್, ಹಾಗಾಗಿ 60 ಬ್ಲಾಕ್ ಎಂದರೆ 15 ಗಂಟೆ. ನಿಮ್ಮಲ್ಲಿ ಮಿತಿ ಬೇರೆ ಇರಬಹುದು, ಆದರೆ ಅಂಕಿ ನೋಡುವ ಮುಂಚೆಯೇ ಅದನ್ನು ಬರೆದಿಡಬೇಕು. ಆಮೇಲೆ ಬರೆದರೆ, ಯಾರ ಊರಿನ ಟಿಸಿ ಪಟ್ಟಿಯಲ್ಲಿ ಬರಬೇಕೋ ಅದಕ್ಕೆ ತಕ್ಕ ಹಾಗೆ ಮಿತಿಯೂ ಜರುಗುತ್ತದೆ.

ಇಲ್ಲಿ ಸರಾಸರಿಯನ್ನು ನಂಬಿ ಕೆಟ್ಟವರು ಬಹಳ. 63 ಕೆವಿಎ ಟಿಸಿಯ ಪೂರ್ಣ ಲೋಡ್, 433 ವೋಲ್ಟ್‌ನಲ್ಲಿ, ಫೇಸ್‌ಗೆ 84 ಆಂಪಿಯರ್. ಟಿಸಿಯಿಂದ ಹೊರಡುವ ಮೂರು ತಂತಿಗಳೇ ಆರ್, ವೈ, ಬಿ ಫೇಸ್. ಒಂದು ಸಂಜೆ ಆರ್ ಫೇಸ್‌ನಲ್ಲಿ 92, ವೈನಲ್ಲಿ 35, ಬಿಯಲ್ಲಿ 30 ಆಂಪಿಯರ್ ಹರಿಯುತ್ತಿದೆ ಎನ್ನಿ. ಮೂರರ ಸರಾಸರಿ 52, ಅಂದರೆ ಶೇ 62. ಡ್ಯಾಶ್‌ಬೋರ್ಡ್‌ನಲ್ಲಿ ಹಸಿರು ಬಣ್ಣ. ಊರಿನಲ್ಲಿ ಮಾತ್ರ ಆರ್ ಫೇಸ್‌ನ ಫ್ಯೂಸ್ ದಿನಾ ಹೋಗುತ್ತಿದೆ, ಏಕೆಂದರೆ ಅದು ಶೇ 110ರಲ್ಲಿದೆ. ಇಂಥ ಕಡೆ ಹೊಸ ಟಿಸಿ ಬೇಡ. ಕೆಲವು ಮನೆಗಳನ್ನು ಆರ್‌ನಿಂದ ಬಿ ಫೇಸ್‌ಗೆ ಬದಲಿಸಿದರೆ ಮುಗಿಯಿತು, ಒಂದು ಮಧ್ಯಾಹ್ನದ ಕೆಲಸ. ಹಾಗಾಗಿ ವಿಶ್ಲೇಷಕರಿಗೆ ಫೇಸ್‌ವಾರು, ಬ್ಲಾಕ್‌ವಾರು ಗರಿಷ್ಠ ಅಂಕಿ ಕೊಡಿ ಎಂದು ಬರವಣಿಗೆಯಲ್ಲೇ ಕೇಳಿ.

ಅಂಕಿ ಸುಳ್ಳು ಹೇಳುವ ನಾಲ್ಕು ಜಾಗ

ವಿಶ್ಲೇಷಣೆ ಕೆಡುವುದು ಗಣಿತ ತಪ್ಪಿ ಅಲ್ಲ. ಅಂಕಿಯ ಹಿಂದೆ ನಡೆದ ಕೆಲಸ ದಾಖಲೆಗೆ ಬರದೆ ಕೆಡುತ್ತದೆ. ಈ ಭಾಗಕ್ಕೆ ಯೋಜನೆಯ ಅರ್ಧ ಸಮಯ ಇಟ್ಟರೂ ಹೆಚ್ಚಲ್ಲ.

ಮೊದಲನೆಯದು ಸಿಟಿ ರೇಷಿಯೊ. ಟಿಸಿಯ ಮೀಟರ್ ಪೂರ್ತಿ ಕರೆಂಟನ್ನು ನೇರವಾಗಿ ಅಳೆಯುವುದಿಲ್ಲ, ಕರೆಂಟ್ ಟ್ರಾನ್ಸ್‌ಫಾರ್ಮರ್ (ಸಿಟಿ) ಅದನ್ನು ಇಳಿಸಿ ಕೊಡುತ್ತದೆ. 100/5 ಸಿಟಿ ಇದ್ದರೆ ರೀಡಿಂಗನ್ನು 20ರಿಂದ ಗುಣಿಸಬೇಕು. ಸುಟ್ಟ ಸಿಟಿ ಬದಲಿಸುವಾಗ ಸ್ಟೋರ್‌ನಲ್ಲಿ 200/5 ಮಾತ್ರ ಇತ್ತು, ಅದನ್ನೇ ಹಾಕಿಬಂದರು ಎನ್ನಿ. ಇನ್ನು 40ರಿಂದ ಗುಣಿಸಬೇಕು. ಸರ್ವರ್‌ನಲ್ಲಿ 20 ಹಾಗೇ ಉಳಿದರೆ ಆ ಟಿಸಿಯ ಬಳಕೆ ಮರುದಿನದಿಂದ ಅರ್ಧಕ್ಕಿಳಿದಂತೆ ಕಾಣುತ್ತದೆ. ಒಂದೇ ದಿನದಲ್ಲಿ ಬಳಕೆ ಸರಿಯಾಗಿ ಅರ್ಧ ಅಥವಾ ದುಪ್ಪಟ್ಟು ಆದ ಟಿಸಿಗಳ ಪಟ್ಟಿಯನ್ನು ಪ್ರತಿ ಸೋಮವಾರ ತೆಗೆಸಿದರೆ ಇಂಥವು ಸಿಕ್ಕಿಬೀಳುತ್ತವೆ.

ಎರಡನೆಯದು ಯಾವ ಮನೆ ಯಾವ ಟಿಸಿಗೆ ಸೇರಿದ್ದು ಎಂಬ ನಕ್ಷೆ. ಎ ಮತ್ತು ಬಿ ಅಕ್ಕಪಕ್ಕದ ಎರಡು ಟಿಸಿ. ಎರಡಕ್ಕೂ ತಿಂಗಳಿಗೆ 10,000 ಯೂನಿಟ್ ಹೋಗುತ್ತದೆ, ಮನೆಗಳ ಬಿಲ್ 9,000, ನಷ್ಟ ಶೇ 10. ಎ ಮೇಲೆ ಲೋಡ್ ಹೆಚ್ಚಾಯಿತೆಂದು ಲೈನ್‌ಮ್ಯಾನ್ ಒಂದು ಸಾಲಿನ 12 ಮನೆಗಳನ್ನು ಬಿಗೆ ಸೇರಿಸುತ್ತಾನೆ. ಆ ಮನೆಗಳ ಬಳಕೆ 1,200 ಯೂನಿಟ್, ತಂತಿಯಲ್ಲಾಗುವ ನಷ್ಟ ಸೇರಿ ಸುಮಾರು 1,300. ಕೆಲಸ ಸರಿಯಾದದ್ದೇ, ಆದರೆ ಆ ಮನೆಗಳ ಆರ್‌ಆರ್ ನಂಬರ್‌ಗಳು (ವಿದ್ಯುತ್ ಸಂಪರ್ಕದ ಸಂಖ್ಯೆಗಳು) ದಾಖಲೆಯಲ್ಲಿ ಎ ಹೆಸರಿನಲ್ಲೇ ಉಳಿದವು. ಮುಂದಿನ ತಿಂಗಳ ಎನರ್ಜಿ ಆಡಿಟ್‌ನಲ್ಲಿ ಎಗೆ ಹೋದದ್ದು 8,700, ಬಿಲ್ ಆದದ್ದು 9,000, ನಷ್ಟ ಮೈನಸ್ ಶೇ 3.4. ಬಿಗೆ ಹೋದದ್ದು 11,300, ಬಿಲ್ 9,000, ನಷ್ಟ ಶೇ 20 ದಾಟಿತು. ಜಾಗೃತ ದಳ ಬಿಯ ಬೀದಿಗೆ ಕಳ್ಳತನ ಹುಡುಕಲು ಹೋಗಿ ಬರಿಗೈಯಲ್ಲಿ ಬರುತ್ತದೆ, ಜನ ಸಿಟ್ಟಾಗುತ್ತಾರೆ. ಇಂಥದು ಎರಡು ಸಲ ನಡೆದರೆ ಫೀಲ್ಡ್‌ನವರು ವರದಿ ತೆರೆಯುವುದನ್ನೇ ಬಿಡುತ್ತಾರೆ. ನಂಬಿಕೆ ಹೋಯಿತೆಂದರೆ ಯಾವ ಸಾಫ್ಟ್‌ವೇರ್ ಕೂಡ ಅದನ್ನು ವಾಪಸ್ ತಂದುಕೊಡದು. ಆದ್ದರಿಂದ ನಷ್ಟ ಮೈನಸ್ ಬಂದ ಟಿಸಿಗಳನ್ನು ‘ತಪ್ಪು’ ಎಂದು ವರದಿಯಿಂದ ಅಳಿಸಬೇಡಿ. ಅವುಗಳ ಪಕ್ಕದ ಟಿಸಿ ಯಾವುದು ಎಂದು ಮೊದಲು ನೋಡಿ.

ಮೂರನೆಯದು ಗಡಿಯಾರ. ಮೀಟರ್ ಭಾರತೀಯ ಸಮಯದಲ್ಲಿ ಕಳಿಸುತ್ತದೆ, ಸರ್ವರ್ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಬರೆದುಕೊಳ್ಳುತ್ತದೆ. ಐದೂವರೆ ಗಂಟೆ ಹಿಂದೆ ಬಿದ್ದು, ಸಂಜೆ 7ರ ಪೀಕ್ ಮಧ್ಯಾಹ್ನ 1.30ಕ್ಕೆ ಕಾಣುತ್ತದೆ. ಇದು ದೊಡ್ಡ ತಪ್ಪಾದ್ದರಿಂದ ಯಾರಾದರೂ ಹಿಡಿಯುತ್ತಾರೆ. ಕಣ್ಣು ತಪ್ಪಿಸುವುದು ಸಣ್ಣದು: ‘19:00’ ಎಂಬ ಸಾಲು 7ಕ್ಕೆ ಶುರುವಾದ ಬ್ಲಾಕೋ, 7ಕ್ಕೆ ಮುಗಿದ ಬ್ಲಾಕೋ? ಎರಡು ಕಂಪನಿಗಳ ಮೀಟರ್ ಬೇರೆಬೇರೆ ಪದ್ಧತಿ ಹಿಡಿದಿದ್ದರೆ ಕೂಡಿಸಿದ ಲೆಕ್ಕ 15 ನಿಮಿಷ ಜಾರುತ್ತದೆ.

ನಾಲ್ಕನೆಯದು ತಾತ್ಕಾಲಿಕ ಲೋಡ್ ವರ್ಗಾವಣೆ. 11 ಕೆವಿ ಫೀಡರ್ (ಸಬ್‌ಸ್ಟೇಷನ್‌ನಿಂದ ಟಿಸಿಗಳಿಗೆ ವಿದ್ಯುತ್ ಒಯ್ಯುವ ಲೈನ್) ಒಂದರಲ್ಲಿ ದೋಷ ಬಂದಾಗ ಅದರ ಊರುಗಳನ್ನು ಪಕ್ಕದ ಫೀಡರ್‌ನಿಂದ ನಡೆಸುತ್ತಾರೆ. ಹಾಗೆ ನಡೆಸಿದ ಗಂಟೆಗಳ ಮಾಹಿತಿ ಸಬ್‌ಸ್ಟೇಷನ್‌ನ ಲಾಗ್ ಪುಸ್ತಕದಲ್ಲಿ ಪೆನ್ನಿನಲ್ಲಿ ಬರೆದಿರುತ್ತದೆ, ಸರ್ವರ್‌ಗೆ ಬರುವುದಿಲ್ಲ. ಪುಸ್ತಕದ ಪುಟವನ್ನು ದಿನಾ ಫೋಟೊ ತೆಗೆದು ಕಳಿಸಿ, ಒಬ್ಬರು ನಾಲ್ಕು ಕಾಲಂಗಳಲ್ಲಿ ತುಂಬಿದರೆ ಸಾಕು: ಯಾವ ಫೀಡರ್‌ನಿಂದ, ಯಾವುದಕ್ಕೆ, ಎಷ್ಟು ಗಂಟೆಗೆ, ಎಷ್ಟರವರೆಗೆ.

ಇವೆಲ್ಲವನ್ನೂ ಬರೆದಿಡುವ ಜಾಗವೇ ಡೇಟಾ ನಿಘಂಟು. ಪ್ರತಿ ಕಾಲಂಗೆ ಒಂದು ಪ್ಯಾರಾ: ಏನನ್ನು ಅಳೆಯುತ್ತದೆ, ಯಾವ ಮಾನದಲ್ಲಿ, ಯಾವ ಸಮಯದ್ದು, ಖಾಲಿ ಬಂದರೆ ಸೊನ್ನೆಯೋ ಮಾಹಿತಿ ಇಲ್ಲವೋ, ಯಾರನ್ನು ಕೇಳಬೇಕು. ಮಾನ ಬರೆಯುವುದು ತೀರಾ ಸಣ್ಣ ಕೆಲಸ ಎನ್ನಿಸಬಹುದು. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳನ ಹತ್ತಿರ ನಾಶವಾದದ್ದಕ್ಕೆ ಮೂಲ, ಒಂದು ಕಡೆಯ ಸಾಫ್ಟ್‌ವೇರ್ ಪೌಂಡ್-ಸೆಕೆಂಡ್‌ನಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ಕಡೆ ನ್ಯೂಟನ್-ಸೆಕೆಂಡ್ ಎಂದು ಓದಿಕೊಂಡದ್ದು. ನಮ್ಮಲ್ಲಿ ಕಿಲೋವ್ಯಾಟ್ ಮತ್ತು ಕೆವಿಎ ಕಲೆಸಿಹೋಗುವುದು ದಿನನಿತ್ಯದ ಸಂಗತಿ.

ನಿಘಂಟು ಮುಗಿದ ಮೇಲೆ 30 ಟಿಸಿಗಳನ್ನು ಚೀಟಿ ಎತ್ತಿ ಆರಿಸಿ. ಸಂಜೆ 7ರಿಂದ 9ರೊಳಗೆ ಟಾಂಗ್ ಟೆಸ್ಟರ್ (ತಂತಿಯನ್ನು ಇಕ್ಕಳದಂತೆ ಹಿಡಿದು ಕರೆಂಟ್ ಅಳೆಯುವ ಉಪಕರಣ) ಹಿಡಿದು ಮೂರೂ ಫೇಸ್ ಅಳೆಸಿ, ಅದೇ ಬ್ಲಾಕ್‌ನ ಸರ್ವರ್ ಅಂಕಿಯ ಪಕ್ಕದಲ್ಲಿ ಬರೆಸಿ. ಬ್ಲಾಕ್‌ನ ಅಂಕಿ 15 ನಿಮಿಷದ ಸರಾಸರಿಯಾದ್ದರಿಂದ ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚಿನ ವ್ಯತ್ಯಾಸ ಮೂರಕ್ಕಿಂತ ಹೆಚ್ಚು ಟಿಸಿಗಳಲ್ಲಿ ಬಂದರೆ ವಿಶ್ಲೇಷಣೆಯ ಮಾದರಿ (ಮಾಡೆಲ್) ಕಟ್ಟುವುದನ್ನು ನಿಲ್ಲಿಸಿ ಕಾರಣ ಹುಡುಕಿ.

ತಲೆಯಲ್ಲಿದ್ದದ್ದನ್ನು ಕಾಗದಕ್ಕೆ ತರುವುದು

60 ತುಂಬಿ ನಿವೃತ್ತನಾಗುವ ಲೈನ್‌ಮ್ಯಾನ್‌ಗೆ ಯಾವ ತೋಟದ ತೆಂಗಿನ ಗರಿ ಮಳೆಗಾಲದಲ್ಲಿ ಲೈನ್ ಮೇಲೆ ಬೀಳುತ್ತದೆ, ಯಾವ ಕಂಬದ ಇನ್ಸುಲೇಟರ್ ಮೊದಲ ತುಂತುರಿಗೇ ಟ್ರಿಪ್ ಮಾಡಿಸುತ್ತದೆ ಎಂಬುದು ಬಾಯಿಪಾಠ. ಜ್ಞಾನ ನಿರ್ವಹಣೆ ಎಂದು ದೊಡ್ಡ ಹೆಸರಿಟ್ಟು ಪೋರ್ಟಲ್ ಕಟ್ಟಿಸಿ, ‘ನಿಮಗೆ ಗೊತ್ತಿರುವುದನ್ನೆಲ್ಲ ಬರೆಯಿರಿ’ ಎಂದರೆ ಯಾರೂ ಬರೆಯುವುದಿಲ್ಲ.

ಜೆರಾಕ್ಸ್ ಕಂಪನಿಯ ಅನುಭವ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಲ್ಲಿನ ಸಂಶೋಧನಾ ಕೇಂದ್ರದ ಮಾನವಶಾಸ್ತ್ರಜ್ಞ ಜೂಲಿಯನ್ ಆರ್, ಯಂತ್ರ ದುರಸ್ತಿ ಮಾಡುವವರ ಜೊತೆ ಓಡಾಡಿ ಕಂಡುಕೊಂಡದ್ದು: ಅವರು ಕಲಿಯುವುದು ಕೈಪಿಡಿಯಿಂದಲ್ಲ, ಊಟದ ಹೊತ್ತಿಗೆ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕಷ್ಟದ ಕೇಸುಗಳ ಕಥೆಗಳಿಂದ. 1990ರ ದಶಕದಲ್ಲಿ ಕಂಪನಿ ಯುರೇಕಾ ಎಂಬ ವ್ಯವಸ್ಥೆ ತಂದಿತು, ಮೊದಲು ಫ್ರಾನ್ಸ್‌ನಲ್ಲಿ. ದುರಸ್ತಿಗಾರರು ತಮ್ಮ ಉಪಾಯ ಬರೆದು ಕಳಿಸುತ್ತಿದ್ದರು, ಅನುಭವಿಗಳು ಪರೀಕ್ಷಿಸಿ ಒಪ್ಪುತ್ತಿದ್ದರು, ಪ್ರಕಟವಾದಾಗ ಬರೆದವರ ಹೆಸರು ಇರುತ್ತಿತ್ತು. ಹಣದ ಬಹುಮಾನಕ್ಕಿಂತ ಆ ಹೆಸರೇ ಅವರನ್ನು ಬರೆಸಿತು.

ಅದನ್ನು ನಮ್ಮಲ್ಲಿ ಹೀಗೆ ಮಾಡಬಹುದು. ಒಂದು ಟಿಪ್ಪಣಿಗೆ ಐದೇ ಸಾಲು: ಏನು ಕಂಡಿತು, ಕಾರಣ ಏನಿತ್ತು, ಕಾರಣ ಅದೇ ಎಂದು ಹೇಗೆ ಖಚಿತವಾಯಿತು, ಏನು ಮಾಡಿದರು, ಯಾರು ಮಾಡಿದರು. ಟಿಸಿ ಅಥವಾ ಫೀಡರ್ ಸಂಖ್ಯೆ ಕಡ್ಡಾಯ, ಇಲ್ಲದಿದ್ದರೆ ಟಿಪ್ಪಣಿಯನ್ನು ಅಂಕಿಯ ಜೊತೆ ಕೂಡಿಸಲಾಗದು. ಬರೆಯಲು ಬೇಸರವಾದರೆ ಎರಡು ನಿಮಿಷದ ಧ್ವನಿ ಮುದ್ರಣ ಕಳಿಸಲಿ, ಆಫೀಸಿನಲ್ಲಿ ಒಬ್ಬರು ಬರಹಕ್ಕಿಳಿಸಲಿ. ಅನುಭವಿ ಎಂಜಿನಿಯರ್ ಏಳು ದಿನದೊಳಗೆ ಒಪ್ಪಬೇಕು ಅಥವಾ ಯಾಕೆ ಆಗದು ಎಂದು ತಿಳಿಸಬೇಕು. ಉತ್ತರವಿಲ್ಲದೆ ಕೊಳೆಯುವ ಟಿಪ್ಪಣಿ ಮುಂದಿನ ಹತ್ತು ಟಿಪ್ಪಣಿಗಳನ್ನು ನಿಲ್ಲಿಸುತ್ತದೆ. ನಿವೃತ್ತಿಗೆ ಮೂರು ತಿಂಗಳಿರುವಾಗಲೇ ಅವರ ಜೊತೆ ಲೈನ್ ಉದ್ದಕ್ಕೂ ಒಬ್ಬ ಹೊಸಬನನ್ನು ನಡೆಸಿ. ಆಫೀಸಿನ ಕುರ್ಚಿಯಲ್ಲಿ ಕೂತು ನೆನಪಾಗದ ಸಂಗತಿಗಳು ಕಂಬದ ಕೆಳಗೆ ನಿಂತಾಗ ತಾವಾಗಿ ಬಾಯಿಗೆ ಬರುತ್ತವೆ.

ಟಿಪ್ಪಣಿ ಕನ್ನಡದಲ್ಲೇ ಇರಲಿ, ಯೂನಿಕೋಡ್‌ನಲ್ಲಿ ಇರಲಿ. ಹಳೆಯ ನುಡಿ, ಬರಹ ಫಾಂಟ್‌ಗಳ ಆಸ್ಕಿ ಮಾದರಿಯಲ್ಲಿ ಟೈಪ್ ಮಾಡಿದ ಕಡತಗಳು ಪರದೆಯ ಮೇಲೆ ಕನ್ನಡದಂತೆ ಕಂಡರೂ ಕಂಪ್ಯೂಟರ್‌ಗೆ ಅವು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು. ಹುಡುಕಿದರೆ ಸಿಗುವುದಿಲ್ಲ. ಪರಿವರ್ತಕ ತಂತ್ರಾಂಶಗಳಿವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ 50 ಪದಗಳನ್ನು ಕಣ್ಣಿನಿಂದ ತಾಳೆ ನೋಡಿ, ತಪ್ಪು ಹೆಚ್ಚಾಗಿ ಅಲ್ಲೇ ಆಗುತ್ತದೆ. ಎರಡು ಪಟ್ಟಿಗಳನ್ನು ಜೋಡಿಸುವ ಕೀಲಿಯಾಗಿ ಹೆಸರನ್ನು ಬಳಸಲೇಬೇಡಿ. ಮಂಜುನಾಥ, ಮಂಜುನಾಥ್, ಮಂಜುನಾಥಪ್ಪ ಒಬ್ಬರೇ ಇರಬಹುದು, ಮೂವರೂ ಆಗಿರಬಹುದು. ಎಷ್ಟೋ ಮನೆಗಳ ಆರ್‌ಆರ್ ನಂಬರ್ ಈಗಲೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ.

ಬಾರದ ಅಂಕಿಯನ್ನೂ ಎಣಿಸಿ

ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಇದೆ, ಬಹುಪಾಲು ಪಂಪ್‌ಸೆಟ್‌ಗಳಿಗೆ ಮೀಟರ್ ಇಲ್ಲ. ಅವುಗಳ ಬಳಕೆ ಅಂದಾಜಿನದು. ಆದ್ದರಿಂದ ಗ್ರಾಮೀಣ ಫೀಡರ್‌ನಲ್ಲಿ ‘ನಷ್ಟ ಕಡಿಮೆಯಾಗಿದೆ’ ಎಂಬ ವರದಿ ಬಂದರೆ, ನಷ್ಟ ನಿಜವಾಗಿ ಇಳಿಯಿತೋ, ಪಂಪ್‌ಸೆಟ್‌ನ ಅಂದಾಜು ಏರಿತೋ ಎಂದು ಕೇಳುವುದು ಮುಖ್ಯಸ್ಥರ ಕೆಲಸ. ವರದಿಯ ಪ್ರತಿ ಮೊತ್ತದ ಪಕ್ಕ ‘ಅಳೆದದ್ದು ಶೇ ಇಷ್ಟು, ಅಂದಾಜು ಶೇ ಇಷ್ಟು’ ಎಂಬ ಕಾಲಂ ಇಡಿಸಿ. ಹಾಗೆಯೇ ಮೊಬೈಲ್ ಸಿಗ್ನಲ್ ಬಾರದ ಮಲೆನಾಡಿನ ಹಳ್ಳಿಯ ಮೀಟರ್ ಮೌನವಾಗಿದ್ದರೆ ಅಲ್ಲಿ ದೂರು ಇಲ್ಲ ಎಂದಲ್ಲ. ಬಾಸ್ಟನ್ ನಗರ 2012ರ ಸುಮಾರಿಗೆ ಫೋನ್‌ಗಳ ಮೂಲಕ ರಸ್ತೆ ಗುಂಡಿ ಪತ್ತೆ ಮಾಡುವ ಸ್ಟ್ರೀಟ್ ಬಂಪ್ ಆ್ಯಪ್ ತಂದಾಗಲೂ ಇದೇ ತೊಡಕು ಎದುರಾಯಿತು: ಸ್ಮಾರ್ಟ್‌ಫೋನ್ ಕಡಿಮೆ ಇರುವ ಬಡವರ ಬಡಾವಣೆಗಳ ಗುಂಡಿಗಳು ಲೆಕ್ಕಕ್ಕೆ ಬರದೆ ಉಳಿಯುವ ಅಪಾಯ.

ಕಳ್ಳತನ ಹಿಡಿಯುವ ಮಾದರಿಯ ಮುಂದೆ ಕೂತಾಗ

‘ನಮ್ಮ ಮಾದರಿ ಕಳ್ಳತನದ ಶೇ 90ರಷ್ಟನ್ನು ಹಿಡಿಯುತ್ತದೆ, ತಪ್ಪು ಎಚ್ಚರಿಕೆ ಬರೇ ಶೇ 5’ ಎಂದು ಮಾರಾಟಗಾರರು ಹೇಳಿದಾಗ ಅಲ್ಲೇ ಲೆಕ್ಕ ಹಾಕಿ. 1 ಲಕ್ಷ ಗ್ರಾಹಕರಲ್ಲಿ ಶೇ 1 ಕಳ್ಳತನ ಇದೆ ಎಂದುಕೊಂಡರೆ 1,000 ಮಂದಿ. ಮಾದರಿ ಹಿಡಿಯುವುದು 900. ಪ್ರಾಮಾಣಿಕರಾದ 99,000 ಮಂದಿಯಲ್ಲಿ ಶೇ 5, ಅಂದರೆ 4,950 ಮಂದಿಯ ಮೇಲೂ ಅದು ಬೆರಳು ತೋರಿಸುತ್ತದೆ. ಒಟ್ಟು 5,850 ಮನೆ, ಅದರಲ್ಲಿ ನಿಜ ಶೇ 15. ದಳ ದಿನಕ್ಕೆ 20 ಮನೆ ನೋಡಿದರೆ 293 ಕೆಲಸದ ದಿನ ಬೇಕು, ಹೋದ ನೂರು ಮನೆಗಳಲ್ಲಿ 85ರಲ್ಲಿ ಕ್ಷಮೆ ಕೇಳಿ ಬರಬೇಕು. ಆದ್ದರಿಂದ ಮಾದರಿಯ ಶೇಕಡಾ ಕೇಳಬೇಡಿ. ‘ನಮ್ಮ ದಳಕ್ಕೆ ತಿಂಗಳಿಗೆ 400 ಮನೆ ಆಗುತ್ತದೆ, ನಿಮ್ಮ ಪಟ್ಟಿಯ ಮೊದಲ 400ರಲ್ಲಿ ಎಷ್ಟು ನಿಜ?’ ಎಂದು ಕೇಳಿ. ಅದೇ ತಿಂಗಳು, ಪಟ್ಟಿಯಲ್ಲಿಲ್ಲದ 40 ಮನೆಗಳನ್ನು ಚೀಟಿ ಎತ್ತಿ ಆರಿಸಿ ಪರಿಶೀಲಿಸಿ. ಹಾಗೆ ಮಾಡದಿದ್ದರೆ ಮಾದರಿ ಯಾರನ್ನು ಬಿಡುತ್ತಿದೆ ಎಂದು ಎಂದೂ ತಿಳಿಯುವುದಿಲ್ಲ.

ಒಮ್ಮೆ ಸರಿಯಾಗಿದ್ದ ಮಾದರಿ ಸರಿಯಾಗಿಯೇ ಉಳಿಯುತ್ತದೆ ಎಂದೂ ತಿಳಿಯಬೇಡಿ. ಜನರ ಹುಡುಕಾಟದ ಪದಗಳಿಂದ ಜ್ವರದ ಹರಡುವಿಕೆ ಹೇಳುತ್ತಿದ್ದ ಗೂಗಲ್ ಫ್ಲೂ ಟ್ರೆಂಡ್ಸ್ 2008ರಲ್ಲಿ ಬಹಳ ಸದ್ದು ಮಾಡಿತ್ತು. 2011ರ ಆಗಸ್ಟ್‌ನಿಂದಾಚೆಯ 108 ವಾರಗಳಲ್ಲಿ 100 ವಾರ ಅದು ನಿಜಕ್ಕಿಂತ ಹೆಚ್ಚು ಹೇಳಿತ್ತು ಎಂದು 2014ರ ಅಧ್ಯಯನ ತೋರಿಸಿತು. 2015ರಲ್ಲಿ ಗೂಗಲ್ ಅದನ್ನು ನಿಲ್ಲಿಸಿತು. ಹುಡುಕುವ ರೀತಿ ಬದಲಾಗಿತ್ತು, ಗೂಗಲ್‌ನ ಪುಟವೂ ಬದಲಾಗಿತ್ತು, ಮಾದರಿ ಆ ಬದಲಾವಣೆಗಳ ಹಿಂದೆ ಬಿದ್ದಿತ್ತು. ನಿಮ್ಮಲ್ಲಿ ಚಾವಣಿಯ ಮೇಲೆ ಸೋಲಾರ್ ಹಾಕಿದ ಮನೆಯ ಬಳಕೆ ಹಗಲಲ್ಲಿ ತಟ್ಟನೆ ಕುಸಿಯುತ್ತದೆ, ಹಳೆಯ ಮಾದರಿ ಅದನ್ನು ಕಳ್ಳತನ ಎನ್ನುತ್ತದೆ.

ಮನೆಯೊಳಗಿನ ಗುಟ್ಟು

15 ನಿಮಿಷದ ಅಂಕಿ ನೋಡಿದವರಿಗೆ ಮನೆಯವರು ಎಷ್ಟು ಗಂಟೆಗೆ ಏಳುತ್ತಾರೆ, ಯಾವ ವಾರ ಊರಲ್ಲಿಲ್ಲ ಎಂಬುದು ಗೊತ್ತಾಗುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಸುರಕ್ಷತಾ ಕ್ರಮ ಕೈಗೊಳ್ಳದವರಿಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ವಿಶ್ಲೇಷಕರಿಗೆ ಹೆಸರು, ಫೋನ್, ವಿಳಾಸ ಕೊಡಬೇಡಿ. ಆರ್‌ಆರ್ ನಂಬರ್ ಬದಲು ಬೇರೊಂದು ಗುಪ್ತ ಸಂಖ್ಯೆ ಕೊಡಿ, ಎರಡನ್ನೂ ಜೋಡಿಸುವ ಪಟ್ಟಿ ಇಬ್ಬರ ಬಳಿ ಮಾತ್ರ ಇರಲಿ. ಟಿಸಿ ಯೋಜನೆಗೆ ಮನೆವಾರು ಅಂಕಿ ಬೇಕಿಲ್ಲ, ಟಿಸಿವಾರು ಮೊತ್ತ ಸಾಕು. ಮನೆವಾರು ಅಂಕಿಯನ್ನು ಎಷ್ಟು ತಿಂಗಳು ಇಡಬೇಕು, ಯಾರು ಅಳಿಸುತ್ತಾರೆ ಎಂಬುದನ್ನು ಮೊದಲ ದಿನವೇ ಬರೆಯಿರಿ.

ಗುತ್ತಿಗೆಗೆ ಸಹಿ ಹಾಕುವ ಮುಂಚೆ

ಮೀಟರ್ ಹಾಕಿ ವರ್ಷಗಟ್ಟಲೆ ನಡೆಸುವ ಗುತ್ತಿಗೆದಾರರ ಸರ್ವರ್‌ನಲ್ಲೇ ಕಚ್ಚಾ ಅಂಕಿ ಉಳಿದುಬಿಟ್ಟರೆ, ಗುತ್ತಿಗೆ ಮುಗಿದ ದಿನ ಸಂಸ್ಥೆಯ ನೆನಪೂ ಹೋಗುತ್ತದೆ. ಆದ್ದರಿಂದ ನಾಲ್ಕು ಷರತ್ತು ಬರೆಸಿ. ದಿನದ ಕಚ್ಚಾ ಅಂಕಿಯ ಪೂರ್ತಿ ಪ್ರತಿ ಮರುದಿನ ಬೆಳಿಗ್ಗೆ 6ರೊಳಗೆ ನಿಮ್ಮ ಸಂಗ್ರಹಕ್ಕೆ ಬರಬೇಕು. ಅದು ಸಿಎಸ್‌ವಿ ಅಥವಾ ಪಾರ್ಕೆ ಮಾದರಿಯಲ್ಲಿರಬೇಕು, ಅವರ ತಂತ್ರಾಂಶವಿಲ್ಲದೆ ತೆರೆಯುವಂತಿರಬೇಕು. ಸರಿಪಡಿಸಿದ ಅಂಕಿ ಬೇರೆ ಕಾಲಂನಲ್ಲಿ ಇರಬೇಕು, ಮೂಲ ಅಂಕಿಯ ಮೇಲೆ ಬರೆಯಕೂಡದು. ಡೇಟಾ ನಿಘಂಟು ಬದಲಾದಾಗಲೆಲ್ಲ ದಿನಾಂಕದೊಂದಿಗೆ ಹೊಸ ಪ್ರತಿ ಕೊಡಬೇಕು. ಸಹಿ ಆದ ಮೂರನೇ ತಿಂಗಳು ಗುತ್ತಿಗೆದಾರರ ನೆರವಿಲ್ಲದೆ, ಎಸ್‌ಕ್ಯೂಎಲ್ ಬಲ್ಲ ನಿಮ್ಮ ಇಬ್ಬರಿಂದಲೇ, ನಿಮ್ಮ ಪ್ರತಿಯಿಂದಲೇ ಒಂದು ಟಿಸಿಯ ಒಂದು ತಿಂಗಳ ಲೋಡ್ ನಕ್ಷೆ ತೆಗೆಸಿ ನೋಡಿ. ಒಂದು ದಿನದಲ್ಲಿ ಆಗದಿದ್ದರೆ ಮುಂದಿನ ಬಿಲ್ ಪಾವತಿಗೆ ಮುಂಚೆ ಕಾರಣ ಬರವಣಿಗೆಯಲ್ಲಿ ಕೇಳಿ.